ನಾಲ್ಕನೇ ಸಾಲಿನಿಂದ ಶುರು: ಮಕ್ಕಳ ಜೊತೆ ನಗೆ ಪದ್ಯ ಕಟ್ಟಿದ ಲೆಕ್ಕ

ನಮ್ಮದು ದಾವಣಗೆರೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾಲ್ಕು ಮತ್ತು ಐದನೇ ತರಗತಿ ಸೇರಿ 24 ಮಕ್ಕಳು. ಜುಲೈನಲ್ಲಿ ಕೆಲಸ ಶುರು ಮಾಡಿದೆವು. ನವೆಂಬರ್ 14ರ ಮಕ್ಕಳ ದಿನಾಚರಣೆ ಹೊತ್ತಿಗೆ ಮಕ್ಕಳೇ ಬರೆದ ನಗೆ ಪದ್ಯಗಳ ಪುಟಾಣಿ ಪುಸ್ತಕ ಎಲ್ಲರ ಕೈಗೆ ಬರಬೇಕು ಅನ್ನೋದು ಗುರಿ. ವಾರಕ್ಕೆ ಎರಡು ಪೀರಿಯಡ್, ಒಂದೊಂದು 40 ನಿಮಿಷದ್ದು. ಪುಸ್ತಕ ಬಂತು. ಯಾವ ಹಂತದಲ್ಲಿ ಏನು ಮಾಡಿದೆವು, ಯಾವುದು ಕೈಕೊಟ್ಟಿತು, ಎಷ್ಟು ಖರ್ಚಾಯಿತು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಬೇರೆ ಶಾಲೆಯವರು ಬೇಕಾದ್ದನ್ನು ಎತ್ತಿಕೊಳ್ಳಬಹುದು.

ಬೇಕಾದ ಸಾಮಾನು: ಹಳೆ ಕ್ಯಾಲೆಂಡರ್, ಕತ್ತರಿ, ಸ್ಕೇಲು, ಮೂರು ಬಣ್ಣದ ಬಿಂದಿ ಪ್ಯಾಕೆಟ್, ಒಂದು ಖಾಲಿ ಬಿಸ್ಕತ್ತು ಡಬ್ಬಿ, ಸ್ಕೆಚ್ ಪೆನ್, ಕಪ್ಪು ಜೆಲ್ ಪೆನ್, ಎ4 ಹಾಳೆ. ಇಷ್ಟೇ.

ಹಂತ 1, ಜುಲೈ: ನಗು ಎಲ್ಲಿ ಬಂತು?

ಬರೆಸುವ ಮೊದಲು ಕೇಳಿಸಬೇಕು. ಮೂರು ತರಹದ್ದನ್ನು ಆರಿಸಿಕೊಂಡೆ. ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ಮಕ್ಕಳಿಗೆ ಬಾಯಿಪಾಠ ಇರುತ್ತದೆ. ಟಿ.ಪಿ. ಕೈಲಾಸಂ ಅವರ ಕೋಳಿಕೆ ರಂಗನ ಹಾಡಿನಲ್ಲಿ ರಂಗ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾನೆ. ಮೂರನೆಯದು ದಿನಕರ ದೇಸಾಯಿ ಅವರ ಚೌಪದಿ. ನಾಲ್ಕೇ ಸಾಲು, ಮೊದಲೆರಡಕ್ಕೆ ಒಂದು ಪ್ರಾಸ, ಕೊನೆಯೆರಡಕ್ಕೆ ಇನ್ನೊಂದು. ಅವರ ಚೌಪದಿಗಳಲ್ಲಿ ರಾಜಕೀಯ ಜಾಸ್ತಿ. ಹಾಗಾಗಿ ಮಕ್ಕಳಿಗೆ ಗೊತ್ತಾಗುವ ಕೆಲವನ್ನು ಮಾತ್ರ ಹೆಕ್ಕಿದೆ. ಆದರೆ ನಾಲ್ಕು ಸಾಲಿನ ಆ ಕಟ್ಟು ನಮ್ಮ ಇಡೀ ಕೆಲಸಕ್ಕೆ ಅಚ್ಚಾಯಿತು.

ಪದ್ಯವನ್ನು ಕ್ಯಾಲೆಂಡರ್ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಓದಿದ ಮೇಲೆ ಒಬ್ಬೊಬ್ಬರೂ ಬಂದು, ತನಗೆ ನಗು ಬಂದ ಜಾಗಕ್ಕೆ ಒಂದು ಬಿಂದಿ ಅಂಟಿಸಬೇಕು. "ಇದು ಯಾಕೆ ತಮಾಷೆ?" ಅಂತ ಬಾಯಿಬಿಟ್ಟು ಕೇಳಿದರೆ ಒಂಬತ್ತು ವರ್ಷದ ಮಗು "ಚೆನ್ನಾಗಿದೆ ಅದಕ್ಕೆ" ಅನ್ನುತ್ತದೆ. ಬಿಂದಿ ಅಂಟಿಸು ಅಂದರೆ ಯೋಚನೆ ಮಾಡುತ್ತದೆ.

ಮೊದಲು ಒಂದೇ ಬಣ್ಣದ ಬಿಂದಿ ಕೊಟ್ಟಿದ್ದೆ. ಅದು ಸಾಕಾಗಲಿಲ್ಲ. ಎಲ್ಲರೂ ಮುಂದಿನವರು ಅಂಟಿಸಿದ ಜಾಗದಲ್ಲೇ ಅಂಟಿಸಿ ಬಂದರು. ಆಮೇಲೆ ಎರಡು ಬದಲಾವಣೆ ಮಾಡಿದೆ. ಒಂದು, ಅಂಟಿಸುವ ಮೊದಲು ತಮ್ಮ ಪುಸ್ತಕದಲ್ಲಿ ಸಾಲಿನ ನಂಬರ್ ಬರೆದುಕೊಳ್ಳಬೇಕು. ಎರಡನೆಯದು, ಬಿಂದಿಗೆ ಮೂರು ಬಣ್ಣ. ಶಬ್ದ ಕೇಳಿಯೇ ನಗು ಬಂದರೆ ಕೆಂಪು. "ಅರೆ, ಹಿಂಗಾಯ್ತಾ!" ಅನಿಸಿದರೆ ಹಸಿರು. "ನಮ್ಮನೇಲೂ ಹಿಂಗೇ" ಅನಿಸಿದರೆ ಹಳದಿ.

ಇದು ಚೆನ್ನಾಗಿ ಕೆಲಸ ಮಾಡಿತು. ತುತ್ತೂರಿ ಪದ್ಯದಲ್ಲಿ ಹಸಿರು ಬಿಂದಿಗಳೆಲ್ಲ ಕೊನೆಯಲ್ಲಿ ಗುಂಪಾದವು. ಜಂಬ ಪಟ್ಟವನ ತುತ್ತೂರಿ ನೀರಿಗೆ ಬಿದ್ದು ದನಿ ಕಟ್ಟುವ ಜಾಗ ಅದು. ಕೋಳಿಕೆ ರಂಗನಿಗೆ ಉದ್ದಕ್ಕೂ ಕೆಂಪು. "ಅವಲಕ್ಕಿ ಪವಲಕ್ಕಿ" ಆಟದ ಸಾಲನ್ನೂ ಬರೆದು ಅಂಟಿಸಿದ್ದೆ, ಅದಕ್ಕೆ ಕೆಂಪು ಬಿಟ್ಟು ಬೇರೆ ಬಣ್ಣ ಬೀಳಲೇ ಇಲ್ಲ. ನಗು ಒಂದೇ ತರಹದ್ದಲ್ಲ ಅಂತ ನಾನು ಹೇಳಿಕೊಡಬೇಕಾಗಲಿಲ್ಲ. ಗೋಡೆ ನೋಡಿ ಅವರೇ ಹೇಳಿದರು.

ವಾರದ ಕೊನೆಗೆ ಎಲ್ಲರೂ ರಂಗನ ಹಾಗೆ ತಮ್ಮ ಹೆಸರನ್ನು ಅಕ್ಷರ ಬಿಡಿಸಿ ಹಾಡಿದರು. ಮಾತೇ ಆಡದ ಇಬ್ಬರು ಹುಡುಗಿಯರು ಅವತ್ತು ಜೋರಾಗಿ ಹಾಡಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಹಂತ 2, ಜುಲೈ ಕೊನೆ: ನೇರ ಬರೆಸಿದ್ದು ಕೈಕೊಟ್ಟಿತು

"ಮಂಗನ ಮೇಲೆ ಒಂದು ತಮಾಷೆ ಪದ್ಯ ಬರೀರಿ" ಅಂದೆ. 24 ಪದ್ಯಗಳಲ್ಲೂ ಮಂಗ ಬಾಳೆಹಣ್ಣು ಕದ್ದಿತ್ತು. ಹೆಚ್ಚಿನವುಗಳಲ್ಲಿ ಮರ ಹತ್ತಿತ್ತು. ಓದುವಾಗ ಯಾರೂ ನಗಲಿಲ್ಲ. ಬರೆದವರೂ ನಗಲಿಲ್ಲ.

ಮುಂದಿನ ಪೀರಿಯಡ್‌ನಲ್ಲಿ "ನಿಮಗೆ ಇಷ್ಟವಾದ್ದು ಬರೀರಿ" ಅಂದೆ. ಆಗ ವಾಟ್ಸ್ಆ್ಯಪ್ ಜೋಕುಗಳು ಬಂದವು. ಗಂಡ ಹೆಂಡತಿ ಜಗಳ, ಕುಡುಕನ ಮಾತು. ದೊಡ್ಡವರ ನಗು ಅದು, ಮಕ್ಕಳದ್ದಲ್ಲ.

ವಿಷಯ ಕೊಟ್ಟರೂ ಆಗಲಿಲ್ಲ, ಬಿಟ್ಟರೂ ಆಗಲಿಲ್ಲ. ಹಾಗಾಗಿ ಬರೆಸುವುದನ್ನು ನಿಲ್ಲಿಸಿ, ಬಿಡಿ ಭಾಗಗಳನ್ನು ಮೊದಲು ತಯಾರು ಮಾಡಿಕೊಂಡೆವು.

ಹಂತ 3, ಆಗಸ್ಟ್: ಪ್ರಾಸದ ಡಬ್ಬಿ

ಕ್ಯಾಲೆಂಡರ್ ಹಾಳೆಯನ್ನು 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಕಾರ್ಡ್ ಮಾಡಿದೆವು. ಒಂದು ಕಾರ್ಡಿಗೆ ಒಂದೇ ಪದ. ಮಕ್ಕಳು ಮನೆಯಿಂದ ಪದ ತರಬೇಕು, ಪಠ್ಯಪುಸ್ತಕದಿಂದ ಬೇಡ ಅಂದೆ. ದೋಸೆ, ಮೀಸೆ, ಆಸೆ. ಬೆಲ್ಲ, ಹಲ್ಲು, ಕಲ್ಲು. ಬಸ್ಸು, ಬುಸ್ಸು. ಸೊಳ್ಳೆ, ಬೆಳ್ಳುಳ್ಳಿ. ಡಬ್ಬಿಯಲ್ಲಿ ಕೈಯಾಡಿಸಿ ಒಂದು ಕಾರ್ಡ್ ತೆಗೆದು, ಅದಕ್ಕೆ ಜೊತೆ ಹುಡುಕುವ ಆಟ.

ಇಲ್ಲಿ ಎರಡು ತೊಡಕು ಬಂದವು. ಎರಡೂ ಕನ್ನಡದಲ್ಲಿ ಬರೆಸುವ ಎಲ್ಲರಿಗೂ ಬರುವಂಥವು.

ಮೊದಲನೆಯದು ಅಜ್ಜಿ-ಬಜ್ಜಿ. ಅಜ್ಜಿ ಬಂದ ಕಡೆಯಲ್ಲೆಲ್ಲ ಬಜ್ಜಿ ಬಂತು. ಆನೆ ಬಂದರೆ ಬಾನೆ, ಸೋನೆ ಅಂತ ಅರ್ಥವಿಲ್ಲದೆ ಎಳೆದು ತಂದರು. ಅದಕ್ಕೆ ಒಂದು ನಿಯಮ ಮಾಡಿದೆವು. ಎಲ್ಲರಿಗೂ ತಟ್ಟನೆ ಹೊಳೆಯುವ ಜೋಡಿಗೆ ಕೆಂಪು ಗೆರೆ ಹಾಕಿ ಪಕ್ಕಕ್ಕಿಡಬೇಕು. ಬಜ್ಜಿ ಕಾರ್ಡ್ ಈಗಲೂ ಪಕ್ಕದಲ್ಲೇ ಇದೆ.

ಎರಡನೆಯದು ಇನ್ನೂ ಗಟ್ಟಿ ಸಮಸ್ಯೆ. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬಂದಿತು, ತಿಂದಿತು, ಓಡಿತು, ಹಾಡಿತು. ಯಾವ ಸಾಲು ಬರೆದರೂ ಪ್ರಾಸ ಪುಕ್ಕಟೆ ಸಿಗುತ್ತದೆ. ಮಕ್ಕಳು ಅದಕ್ಕೇ ಒಗ್ಗಿಬಿಡುತ್ತಾರೆ. ಒಬ್ಬ ಹುಡುಗ ಹೀಗೆ ಬರೆದಿದ್ದ:

ಬೆಕ್ಕು ಬಂದಿತು
ಹಾಲು ಕುಡಿಯಿತು
ಪಾತ್ರೆ ಬಿದ್ದಿತು
ಬೆಕ್ಕು ಓಡಿತು

ತಪ್ಪೇನಿಲ್ಲ, ಆದರೆ ಇದು ವರದಿ. ಹದಿನೈದು ದಿನ ಸಾಲಿನ ಕೊನೆಗೆ "ಇತು" ಬೇಡ, "ಅನು" ಬೇಡ, "ಇತ್ತು" ಬೇಡ ಅಂತ ಬೋರ್ಡ್ ಮೂಲೆಯಲ್ಲಿ ಬರೆದಿಟ್ಟೆ. ಕೊನೆಗೆ ಹೆಸರು ಬರಲಿ, ಇಲ್ಲವೇ ಕ್ರಿಯಾಪದ ಹಿಂದೆ ಮುಂದೆ ಆಗಲಿ. ಅದೇ ಹುಡುಗ, ಅದೇ ಬೆಕ್ಕು:

ಕೆನೆಯ ಕದ್ದು ಕುಡಿದ ಬೆಕ್ಕು
ಮೀಸೆ ಒರೆಸಿ ಹೋಯ್ತು ನಕ್ಕು

ತರಗತಿ ಗೊಳ್ಳೆಂದಿತು. ಅದೇ ವಾರ ದೋಸೆ-ಮೀಸೆ ಕಾರ್ಡ್ ಸಿಕ್ಕ ಹುಡುಗಿ ಬರೆದಳು:

ಅಪ್ಪ ತಿಂದ ಬೆಣ್ಣೆ ದೋಸೆ
ಅರ್ಧ ಬೆಣ್ಣೆ ತಿಂತು ಮೀಸೆ

ಇದಕ್ಕೆ ಹಳದಿ ಬಿಂದಿಗಳ ಮಳೆ. ದಾವಣಗೆರೆ ಸೀಮೆಯಲ್ಲಿ ಬೆಣ್ಣೆ ದೋಸೆ ತಿನ್ನುವ ಮೀಸೆಯ ಅಪ್ಪಂದಿರಿಗೆ ಬರವಿಲ್ಲವಲ್ಲ.

ಮನೆಯಲ್ಲಿ ಉರ್ದು ಆಡುವ ಮಕ್ಕಳು ಈ ಹಂತದಲ್ಲಿ ಸ್ವಲ್ಪ ಹಿಂದೆ ಉಳಿದರು. ಅವರ ಮನೆ ಮಾತಿನ ಪದಗಳನ್ನೂ ಕಾರ್ಡ್ ಮಾಡಿ ಡಬ್ಬಿಗೆ ಹಾಕಿದ ಮೇಲೆ ಸರಿಹೋಯಿತು. "ಬಿಸಿ ಬಿಸಿ ಚಾಯ್, ಸುಟ್ಟಿತು ಬಾಯ್" ಅನ್ನೋದು ಆಮೇಲೆ ಇಡೀ ಶಾಲೆಯಲ್ಲಿ ಓಡಾಡಿತು.

ಹಂತ 4, ಆಗಸ್ಟ್ ಕೊನೆ: ಹದಿನಾರು ಮನೆ

ಲಯಕ್ಕೆ ಲಘು ಗುರು ಹೇಳಿಕೊಡಲು ಹೋಗಲಿಲ್ಲ. ನಾಲ್ಕನೇ ತರಗತಿಗೆ ಅದು ಬೇಡ. ಚಪ್ಪಾಳೆ ಸಾಕು.

ಲಾಂಗ್ ನೋಟ್‌ಬುಕ್ ಹಾಳೆಯಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಮನೆ ಗೆರೆ ಹಾಕಿಸಿದೆ. ಒಂದು ಮನೆ 4 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರ. ಒಂದು ಮನೆಗೆ ಒಂದು ಚಪ್ಪಾಳೆ. "ಅಪ್ಪ | ತಿಂದ | ಬೆಣ್ಣೆ | ದೋಸೆ" ಅಂತ ಮನೆ ಮನೆಗೆ ಪದ ಇಟ್ಟು ಚಪ್ಪಾಳೆ ತಟ್ಟಬೇಕು. ಚಪ್ಪಾಳೆ ಎಡವಿದರೆ ಆ ಮನೆಯ ಪದ ಬದಲಾಯಿಸಬೇಕು. ಉದ್ದದ ಪದ ಎರಡು ಮನೆ ಹಿಡಿಯಬಹುದು. ಕಂಡಕ್ಟರು ಹಾಗೆ.

ಮೊದಲು 3 ಸೆಂ.ಮೀ. ಮನೆ ಹಾಕಿಸಿದ್ದೆ. ಮಕ್ಕಳ ದಪ್ಪ ಅಕ್ಷರಕ್ಕೆ, ಒತ್ತಕ್ಷರಕ್ಕೆ ಜಾಗ ಸಾಲದೆ ಪದ ಗೆರೆ ದಾಟಿತು, ಮಕ್ಕಳು ಎರಡು ಮನೆ ಅಂತ ಎಣಿಸಿದರು. 4 ಸೆಂ.ಮೀ.ಗಿಂತ ಕಡಿಮೆ ಮಾಡಬೇಡಿ.

ಈ ಹಂತದಲ್ಲಿ ಆಡುಮಾತು ತಾನಾಗಿಯೇ ಒಳಗೆ ಬಂತು. "ಮುಖ್ಯೋಪಾಧ್ಯಾಯರು" ಯಾವ ಮನೆಗೂ ಹೊಂದಲಿಲ್ಲ. "ಹೆಡ್ಡು | ಮಾಸ್ಟ್ರು" ಅಂದ ಕೂಡಲೇ ಸರಿಯಾಗಿ ಕೂತಿತು. "ಎಂದರೆ" ಹೋಗಿ "ಅಂದ್ರೆ" ಬಂತು. ನಾನು ತಿದ್ದಲಿಲ್ಲ. ನಗೆ ಪದ್ಯಕ್ಕೆ ಮಕ್ಕಳ ಬಾಯಿ ಮಾತೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪ್ರಬಂಧದಲ್ಲಿ "ಎಂದರೆ" ಬರೆಯಲಿ, ಪದ್ಯದಲ್ಲಿ "ಅಂದ್ರೆ" ಇರಲಿ. ಎರಡೂ ಗೊತ್ತಿರುವ ಮಗುವಿಗೆ ಯಾವುದು ಎಲ್ಲಿ ಅಂತಲೂ ಗೊತ್ತಾಗುತ್ತದೆ.

ಹಂತ 5, ಸೆಪ್ಟೆಂಬರ್: ಕೊನೆ ಸಾಲು ಮೊದಲು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದು.

ಎರಡು ಸಾಲು ಎಲ್ಲರೂ ಬರೆಯುತ್ತಿದ್ದರು. ಮೂರನೆಯದಕ್ಕೆ ಬಂದು ನಿಲ್ಲುತ್ತಿದ್ದರು. ನಾಲ್ಕನೆಯದು ಹೇಗೋ ತುಂಬಿಸಿದ್ದಾಗಿರುತ್ತಿತ್ತು. ಮೊದಲ ಸಾಲಿನಿಂದ ಹೊರಟರೆ ದಾರಿಯಲ್ಲೇ ನಗು ಖಾಲಿ. ಗೋಡೆಯ ಮೇಲಿದ್ದ ಹಸಿರು ಬಿಂದಿಗಳನ್ನು ಮತ್ತೆ ನೋಡಿದೆವು. ಅವೆಲ್ಲ ಕೊನೆಯಲ್ಲಿದ್ದವು. ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ ಅಂದೆ.

ಕ್ರಮ ಹೀಗೆ. ಮೊದಲು ಮನೆಯಲ್ಲಿ, ಊರಲ್ಲಿ ನಿಜವಾಗಿ ಕಂಡ ಒಂದು ನಗೆಯ ಸಂಗತಿಯನ್ನು ಮಾತಿನಲ್ಲಿ ಹೇಳಬೇಕು. ಅದರಲ್ಲಿ ಎಲ್ಲರೂ ನಕ್ಕ ತುಣುಕನ್ನು ನಾಲ್ಕನೇ ಸಾಲಿನ ಮನೆಗಳಲ್ಲಿ ಬರೆಯಬೇಕು. ಅದಕ್ಕೆ ಪ್ರಾಸದ ಪದ ಹುಡುಕಿ ಮೂರನೇ ಸಾಲು. ಆಮೇಲೆ ಮೇಲಿನ ಎರಡು. ಮೇಲಿನ ಎರಡರಲ್ಲಿ ಕೊನೆಯ ಗುಟ್ಟು ಬಿಟ್ಟುಕೊಡಬಾರದು.

ಐದನೇ ತರಗತಿಯ ಒಬ್ಬಳು ಮೊದಲು "ನಮ್ಮ ಅಜ್ಜಿ ಒಳ್ಳೆ ಅಜ್ಜಿ" ಅಂತ ಶುರು ಮಾಡಿ ಬಜ್ಜಿಯಲ್ಲಿ ಸಿಕ್ಕಿಕೊಂಡಿದ್ದಳು. ಅಜ್ಜಿ ಏನು ಮಾಡ್ತಾರೆ ಹೇಳು ಅಂದೆ. ಫೋನಿನಲ್ಲಿ ಅತ್ತೆ ಜೊತೆ ಕೂಗಿ ಮಾತಾಡ್ತಾರೆ, ಫೋನ್ ಇಟ್ಟ ಮೇಲೂ ಮಾತಾಡ್ತಾನೇ ಇರ್ತಾರೆ ಅಂದಳು. ಅದನ್ನೇ ಕೊನೆಗೆ ಇಡು ಅಂದೆ.

ಅಜ್ಜಿ "ಹಲೋ" ಅಂದ್ರೆ ಸಾಕು
ಓಣಿ ಕಿವಿಯ ಮುಚ್ಚಬೇಕು
ಅತ್ತೆ ಊರು ಎಷ್ಟು ದೂರ!
ಫೋನು ಇಟ್ರು ಕೇಳ್ತು ಪೂರ

ನಾಲ್ಕನೇ ತರಗತಿಯ ಹುಡುಗ ಬಿಸಿಯೂಟದ ಸಾಲಿನಲ್ಲಿ ನಿಂತಾಗ ಶಾಲೆ ಅಂಗಳಕ್ಕೆ ಪಕ್ಕದ ಮನೆ ಕೋಳಿ ಬಂದದ್ದನ್ನು ಹೇಳಿದ. "ಅದು ತನ್ನ ಮೊಟ್ಟೆ ಕೇಳೋಕೆ ಬಂತು ಸಾರ್" ಅಂದ. ಕೊನೆ ಸಾಲು ಸಿಕ್ಕಿತು.

ಮೊಟ್ಟೆ ಕೊಡುವ ದಿನವು ಬಂತು
ತಟ್ಟೆ ಸಾಲು ಎದ್ದು ನಿಂತು
ಕೋಳಿ ಕೂಡ ಸಾಲಿನಲ್ಲಿ
"ನನ್ನ ಮೊಟ್ಟೆ ಎಲ್ಲಿ? ಎಲ್ಲಿ?"

ಮೊಟ್ಟೆ-ತಟ್ಟೆ ಅಂತ ಸಾಲಿನ ಶುರುವಿನಲ್ಲೂ ಪ್ರಾಸ ಬಂದಿದೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಡಬ್ಬಿಯ ಆಟದಿಂದ ಕಿವಿಗೆ ಬಂದದ್ದು.

ಒಂದು ಎಚ್ಚರಿಕೆ. ಈ ಕ್ರಮದಲ್ಲಿ ಒಂದು ಪೀರಿಯಡ್‌ಗೆ ಆರೇಳು ಮಕ್ಕಳ ಮಾತು ಕೇಳಲು ಮಾತ್ರ ಸಾಧ್ಯ. ಉಳಿದವರನ್ನು ಜೋಡಿ ಮಾಡಿ, ಒಬ್ಬರಿಗೊಬ್ಬರು ಹೇಳಿಕೊಳ್ಳಲಿ ಅಂತ ಬಿಟ್ಟೆ. ಕೇಳಿದವರು ನಕ್ಕ ಜಾಗವನ್ನು ಬರೆದುಕೊಡಬೇಕು. ಹಾಗೆ ಮಾಡದಿದ್ದರೆ ಸಮಯ ಸಾಲುವುದಿಲ್ಲ.

ಹಂತ 6, ಸೆಪ್ಟೆಂಬರ್ ಕೊನೆ: ಯಾರ ಮೇಲೆ ನಗು?

ಬರೆಯುವ ಹುರುಪು ಬಂದ ಮೇಲೆ ಸಹಪಾಠಿಯ ಮೈಗಾತ್ರದ ಮೇಲೆ ಒಂದು ಪದ್ಯ ಬಂತು. ಲಯ ಸರಿ, ಪ್ರಾಸ ಸರಿ, ಕೊನೆ ಸಾಲು ಚುರುಕು. ಇಡೀ ತರಗತಿ ನಕ್ಕಿತು. ಯಾರ ಮೇಲೆ ಬರೆದಿದ್ದರೋ ಆ ಮಗು ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿತು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಆ ಪೀರಿಯಡ್ ಅಲ್ಲಿಗೇ ನಿಲ್ಲಿಸಿದೆ. ಮರುದಿನ ಎಲ್ಲರೂ ನೆಲದ ಮೇಲೆ ಸುತ್ತ ಕೂತು ಮಾತಾಡಿದೆವು. ನಿಯಮಗಳನ್ನು ಮಕ್ಕಳೇ ಹೇಳಿದರು, ನಾನು ಬೋರ್ಡ್ ಮೇಲೆ ಬರೆದೆ. ಮೈ, ಬಣ್ಣ, ಅಡ್ಡಹೆಸರು, ಜಾತಿ, ಅಪ್ಪ ಅಮ್ಮನ ಕೆಲಸ, ಮಾತು ತೊದಲುವುದು, ಇವುಗಳ ಮೇಲೆ ಬರೆಯಬಾರದು. ಇನ್ನೊಬ್ಬರ ಮೇಲೆ ಬರೆದರೆ ಮೊದಲು ಅವರಿಗೇ ಓದಿ ಹೇಳಬೇಕು, ಅವರು ನಕ್ಕರೆ ಮಾತ್ರ ತರಗತಿಗೆ. ತನ್ನ ಮೇಲೆ, ಪ್ರಾಣಿ ಮೇಲೆ, ವಸ್ತು ಮೇಲೆ, ಮೇಷ್ಟ್ರ ಮೇಲೆ ಎಷ್ಟು ಬೇಕಾದರೂ ಬರೆಯಬಹುದು.

ಈ ಹಂತವನ್ನು ಮೊದಲ ವಾರದಲ್ಲೇ ಇಡಿ ಅಂತ ಬೇರೆ ಶಿಕ್ಷಕರಿಗೆ ನನ್ನ ಕೋರಿಕೆ. ನಗೆ ಕಲಿಸುವಾಗ ಮಕ್ಕಳ ಕೈಗೆ ಹರಿತವಾದದ್ದನ್ನೇ ಕೊಡುತ್ತೇವೆ. ಹಿಡಿಯುವುದನ್ನೂ ಆಗಲೇ ಹೇಳಿಕೊಡಬೇಕು.

ನಿಯಮ ಬಂದ ಮೇಲೆ ಪದ್ಯಗಳು ಸಪ್ಪೆಯಾಗುತ್ತವೇನೋ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಮಕ್ಕಳು ತಮ್ಮನ್ನೇ ನೋಡಿಕೊಂಡು ನಗಲು ಶುರು ಮಾಡಿದರು. ಆ ಮೈಗಾತ್ರದ ಪದ್ಯ ಬರೆದ ಹುಡುಗನೇ ಹಲ್ಲು ಬಿದ್ದ ತನ್ನ ಬಾಯಿಯ ಮೇಲೆ ಬರೆದ:

ಮುಂದೆ ಎರಡು ಹಲ್ಲು ಇಲ್ಲ
ಕಡಿಯಲಾರೆ ಕಬ್ಬು ಬೆಲ್ಲ
ಮೇಷ್ಟ್ರು ಮಗ್ಗಿ ಹೇಳು ಅಂದ್ರೆ
ಸಂದಿಯಲ್ಲಿ ಗಾಳಿ ತೊಂದ್ರೆ

ಓದುವಾಗ ನಿಜವಾಗಿಯೂ ಗಾಳಿ ಬಂತು. ಅವನೂ ನಕ್ಕ, ಅವತ್ತು ತಲೆ ಇಟ್ಟು ಮಲಗಿದ್ದ ಮಗುವೂ ನಕ್ಕಿತು.

ಹಂತ 7, ಅಕ್ಟೋಬರ್: ಚಿಕ್ಕವರ ಮುಂದೆ ಪರೀಕ್ಷೆ

ದಸರಾ ರಜೆ ಮುಗಿದ ಮೇಲೆ ಪದ್ಯಗಳನ್ನು ತಿದ್ದಿದೆವು. ನನ್ನ ಕೆಂಪು ಪೆನ್ನಿನಿಂದಲ್ಲ. ನಮ್ಮ ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಕೂರುತ್ತಾರೆ. ಅವರ ಮುಂದೆ ಓದಿಸಿದೆ. ಚಿಕ್ಕ ಮಕ್ಕಳು ಮರ್ಯಾದೆಗೆ ನಗುವುದಿಲ್ಲ. ನಗು ಬಂದರೆ ನಗುತ್ತಾರೆ, ಇಲ್ಲದಿದ್ದರೆ ಕಿಟಕಿ ನೋಡುತ್ತಾರೆ.

ಬಸ್ಸಿನ ಪದ್ಯ ಇಲ್ಲಿ ಬಿದ್ದುಹೋಯಿತು. ಅದರ ಕೊನೆ ಸಾಲು "ನಾವು ಎಲ್ಲ ತಳ್ಳಿದೆವು" ಅಂತಿತ್ತು. ಯಾರೂ ನಗಲಿಲ್ಲ. ಬರೆದ ಇಬ್ಬರು ವಾಪಸ್ ಬಂದು ಒಂದು ಪೀರಿಯಡ್ ಕೂತರು. ಕೊನೆಗೆ ಹೇಳಿಕೆಯನ್ನು ಪ್ರಶ್ನೆ ಮಾಡಿದರು:

ನಮ್ಮ ಊರ ಕೆಂಪು ಬಸ್ಸು
ಏರು ಬಂದ್ರೆ ಉಸ್ಸು ಬುಸ್ಸು
"ತಳ್ಳಿ" ಅಂದ ಕಂಡಕ್ಟರು
ಕೂಲಿ ಕೊಡೋರ್ ಯಾರು? ಯಾರು?

ಎರಡನೇ ಸಲ "ಉಸ್ಸು ಬುಸ್ಸು"ಗೆ ಚಿಕ್ಕವರು ಬಿದ್ದು ಬಿದ್ದು ನಕ್ಕರು, ಕೊನೆ ಸಾಲಿಗೆ ದೊಡ್ಡವರು ನಕ್ಕರು. ಸಪ್ಪೆ ಎನಿಸಿದ ಕೊನೆ ಸಾಲನ್ನು ಪ್ರಶ್ನೆ ಮಾಡಿ ನೋಡುವುದು ಆಮೇಲೆ ಹಲವು ಪದ್ಯಗಳಿಗೆ ಕೆಲಸಕ್ಕೆ ಬಂತು.

ಕಾಗುಣಿತ ತಿದ್ದಿದ್ದು ಇದೆಲ್ಲ ಆದ ಮೇಲೆ. ಮೊದಲೇ ತಿದ್ದಿದರೆ ಮಕ್ಕಳು ತಮಗೆ ಬರೆಯಲು ಬರುವ ಪದಗಳನ್ನಷ್ಟೇ ಹುಡುಕುತ್ತಾರೆ. "ಮಾಸ್ಟ್ರು", "ಕಂಡಕ್ಟರು" ಬರೆಯಲು ಹೆದರುತ್ತಾರೆ.

ಹಂತ 8, ನವೆಂಬರ್: ಪುಟಾಣಿ ಪುಸ್ತಕ

ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಪುಟ ಆಗುತ್ತದೆ. ಒಂದು ಪುಟ ಸುಮಾರು 10.5 ಸೆಂ.ಮೀ. ಎತ್ತರ, 7.4 ಸೆಂ.ಮೀ. ಅಗಲ. ನಡುವೆ ಒಂದು ಸೀಳು ಕೊಟ್ಟು ಮಡಚಿದರೆ ಹೊಲಿಗೆ, ಪಿನ್ ಏನೂ ಬೇಡ. ಮುಖಪುಟ, ಹಿಂಪುಟ ಬಿಟ್ಟರೆ ಆರು ಪದ್ಯ. ನಾಲ್ಕು ಪುಸ್ತಕಕ್ಕೆ 24 ಪದ್ಯ, ಲೆಕ್ಕ ಸರಿಹೋಯಿತು. ಬಸ್ಸಿನ ಜೋಡಿಯ ಇಬ್ಬರೂ ಒಂದೊಂದು ಬೇರೆ ಪದ್ಯ ಬರೆದಿದ್ದರು, ಹಾಗಾಗಿ ಬಸ್ಸು ಹಿಂಪುಟಕ್ಕೆ ಹೋಯಿತು.

ಮೊದಲ ಝೆರಾಕ್ಸ್ ಹಾಳಾಯಿತು. ಪೆನ್ಸಿಲ್ ಅಕ್ಷರ ಮಸುಕಾಗಿ ಬಂತು, ಅಂಚಿನ ಅಕ್ಷರಗಳನ್ನು ಯಂತ್ರ ನುಂಗಿತು, ಅರ್ಧ ಪುಟ ತಲೆಕೆಳಗಾದವು. ಸರಿಪಡಿಸಿದ್ದು ಹೀಗೆ: ಕಪ್ಪು ಜೆಲ್ ಪೆನ್ನಿನಲ್ಲೇ ಬರೆಯಬೇಕು. ಪ್ರತಿ ಪುಟದ ಸುತ್ತ 1 ಸೆಂ.ಮೀ. ಜಾಗ ಬಿಡಬೇಕು. ಮೊದಲು ಖಾಲಿ ಹಾಳೆಯನ್ನು ಮಡಚಿ ಪುಸ್ತಕ ಮಾಡಿ, ಪುಟಗಳಿಗೆ ನಂಬರ್ ಹಾಕಿ, ಬಿಡಿಸಿ ನೋಡಬೇಕು. ಮೇಲಿನ ಸಾಲಿನ ನಾಲ್ಕು ಪುಟ ತಲೆಕೆಳಗೆ ಬರುತ್ತವೆ. ಅದನ್ನೇ ನಕಾಶೆ ಮಾಡಿಕೊಂಡು ಬರೆಯಬೇಕು.

ಖರ್ಚು: ಬಿಂದಿ 30 ರೂಪಾಯಿ, ಸ್ಕೆಚ್ ಪೆನ್ 40, ಜೆಲ್ ಪೆನ್ ಆರಕ್ಕೆ 60, ನಾಲ್ಕು ಹಾಳೆಗೆ 40 ಪ್ರತಿಯಂತೆ 160 ಝೆರಾಕ್ಸ್, ಪ್ರತಿಗೆ 2 ರೂಪಾಯಿಯಂತೆ 320, ಹಾಳಾದ ಝೆರಾಕ್ಸ್ 40. ಒಟ್ಟು 490 ರೂಪಾಯಿ. ಕ್ಯಾಲೆಂಡರ್, ಡಬ್ಬಿ ಮಕ್ಕಳ ಮನೆಯಿಂದ ಬಂದವು.

ಇನ್ನೂ ಸಿಕ್ಕಿಕೊಂಡಿರುವ ಜಾಗ

ಐದನೇ ತರಗತಿಯವರಿಗೆ ಈಗ ಎಂಟು ಸಾಲು ಬರೆಯುವ ಆಸೆ. ಬರೆಯುತ್ತಿದ್ದಾರೆ, ಆದರೆ ನಾಲ್ಕನೇ ಸಾಲಿನಲ್ಲೇ ನಗು ಮುಗಿದುಹೋಗಿ ಉಳಿದ ನಾಲ್ಕು ಸುಮ್ನೆ ಎಳೆದ ಹಾಗಾಗುತ್ತಿದೆ. ನಗೆಯನ್ನು ಎಂಟನೇ ಸಾಲಿಗೆ ತಳ್ಳಿ ನೋಡಿದೆವು, ಅಲ್ಲಿಗೆ ಹೋಗುವಷ್ಟರಲ್ಲಿ ಕೇಳುವವರು ಬೇಜಾರಾಗುತ್ತಾರೆ. ಮುಂದಿನ ಪ್ರಯತ್ನ ಇಬ್ಬರ ಪದ್ಯ. ಮೊದಲ ನಾಲ್ಕು ಸಾಲು ಕೋಳಿ ಮಾತಾಡಲಿ, ಉಳಿದ ನಾಲ್ಕರಲ್ಲಿ ಅಡುಗೆ ಅಕ್ಕ ಉತ್ತರ ಕೊಡಲಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಜವಾಬು ಬರೆಯಬೇಕು. ಜನವರಿಯಲ್ಲಿ ಶುರು ಮಾಡುತ್ತೇವೆ. ಅದಕ್ಕೆ ಹೊಸ ಕಾರ್ಡ್‌ಗಳು ಬೇಕು, ಡಿಸೆಂಬರ್ ಹಾಳೆ ಹರಿದು ಎಸೆಯಬೇಡಿ ಅಂತ ಮಕ್ಕಳಿಗೆ ಹೇಳಿದ್ದೇನೆ.